ಸಂಬಳ ಕೊಡುವವರ ಜೊತೆಗಿನ ಸ್ನೇಹವನ್ನು ಸ್ನೇಹವೆಂದು ಕರೆಯಬಹುದೇ?

ಪ್ರಶ್ನೆ: ತುಂಗಾತೀರದ ಗೃಹಮಾತೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆಯಿಂದ ಸ್ವಲ್ಪ ಒಳಗಿರುವ ಹೆಣ್ಣುಮಕ್ಕಳ ಆಶ್ರಯಧಾಮವೊಂದರಲ್ಲಿ ನಾನು 11 ವರ್ಷಗಳಿಂದ ಗೃಹಮಾತೆಯಾಗಿದ್ದೇನೆ. ಮಕ್ಕಳು 32 ಮಂದಿ. ಅಡುಗೆಯವರು, ಕಾವಲಿನವರು, ಟ್ಯೂಷನ್ ಹೇಳುವವರು ಎಲ್ಲ ಸೇರಿ ಕೆಲಸದವರು ಒಂಬತ್ತು ಮಂದಿ. ನಮ್ಮಲ್ಲಿ ಅರ್ಧ ಜನ ಭಾನುವಾರ ಚರ್ಚಿಗೆ ಹೋಗುವವರು, ಇನ್ನರ್ಧ ಜನ ವರ್ಷಕ್ಕೊಮ್ಮೆ ಸಿಗಂದೂರಿಗೆ ಹೋಗುವವರು; ಈ ಕಾರಣಕ್ಕೆ ಜಗಳವಾದದ್ದು ನನಗೆ ನೆನಪಿಲ್ಲ. ಧಾಮವನ್ನು ನಡೆಸುವ ಟ್ರಸ್ಟಿನ ಪರವಾಗಿ ಯೂರೋಪಿನ ಒಂದು ಸಣ್ಣ ದೇಶದ ದಂಪತಿಗಳು ಒಂಬತ್ತು ವರ್ಷಗಳ ಹಿಂದೆ ಮಿಷನರಿ ವೀಸಾದ ಮೇಲೆ ಬಂದು, ಕಾಂಪೌಂಡಿನೊಳಗಿನ ಹಂಚಿನ ಮನೆಯಲ್ಲಿ ನೆಲೆಸಿದರು. ಲೆಕ್ಕಪತ್ರ, ಪಂಪ್‌ಸೆಟ್ಟು, ಜನರೇಟರು ಪತಿಯವರ ಪಾಲು. ನನ್ನ ಪ್ರಶ್ನೆ ಇರುವುದು ಪತ್ನಿಯವರ ವಿಷಯದಲ್ಲಿ.

ಅವರು ನನಗಿಂತ ನಾಲ್ಕು ವರ್ಷ ಚಿಕ್ಕವರು. ಬಂದ ಮೊದಲ ವಾರವೇ ತಮ್ಮನ್ನು ಹೆಸರು ಹಿಡಿದು ಕರೆಯಬೇಕೆಂದು ಎಲ್ಲರಿಗೂ ಹೇಳಿದರು. ಸಂಬಳದ ಪುಸ್ತಕಕ್ಕೆ ಸಹಿ ಹಾಕುವವರನ್ನು ಹೆಸರು ಹಿಡಿದು ಕರೆಯಲು ನಮ್ಮ ಕಡೆ ಯಾರಿಗೆ ನಾಲಿಗೆ ಏಳುತ್ತದೆ? ಅಡಿಕೆ ತೋಟದ ಮನೆಯಾಗಿದ್ದರೆ ‘ಅಮ್ಮ’ ಎನ್ನುತ್ತಿದ್ದೆವು, ಅದು ಅವರಿಗೆ ಬೇಡವಾಯಿತು. ಎರಡು ವರ್ಷ ‘ಮೇಡಂ’ ಎಂದೆವು. ಆಮೇಲೆ ಯಾವಾಗಲೋ ಅವರು ನನ್ನನ್ನು ‘ಅಕ್ಕ’ ಎನ್ನತೊಡಗಿದರು. ಅವರನ್ನು ‘ತಂಗಿ’ ಎನ್ನಲು ನನಗೆ ಬಾಯಿ ಬಾರದೆ ನಾನೂ ‘ಅಕ್ಕ’ ಎಂದೆ. ಈಗಲೂ ಒಬ್ಬರನ್ನೊಬ್ಬರು ಅಕ್ಕ ಎಂದೇ ಕರೆದುಕೊಳ್ಳುತ್ತೇವೆ, ಮಕ್ಕಳಿಗೆ ಅದೊಂದು ತಮಾಷೆ.

ಅವರು ಕನ್ನಡ ಕಲಿತದ್ದು ನಮ್ಮ ಅಡುಗೆಮನೆಯಲ್ಲಿ. ಹಾಗಾಗಿ ಸೌಟು, ಇಕ್ಕಳ, ಈಳಿಗೆಮಣೆ, ಒಗ್ಗರಣೆ ಎಲ್ಲವೂ ಅವರಿಗೆ ಗೊತ್ತು. ‘ಅನುಮೋದನೆ’, ‘ಪರಿಶೀಲನೆ’ ಎಂದರೆ ಮುಖ ನೋಡುತ್ತಾರೆ. ಮಳೆಗಾಲದಲ್ಲಿ ಮೂರು ಮೂರು ದಿನ ಕರೆಂಟು ಹೋದಾಗ ಬಚ್ಚಲ ಒಲೆಯ ಮುಂದೆ ಕುಳಿತು ಹಲಸಿನ ಬೀಜ ಸುಟ್ಟು ತಿನ್ನುತ್ತಾ ನಾವಿಬ್ಬರೂ ಮಾತನಾಡದ ವಿಷಯವಿಲ್ಲ. ಅವರ ತಾಯಿ ತೀರಿಕೊಂಡಾಗ ಮಣ್ಣಿಗೆ ಹೋಗಲಾಗಲಿಲ್ಲ. ಆ ರಾತ್ರಿ ಅವರ ಮನೆಯ ಜಗಲಿಯಲ್ಲಿ ಅವರ ಪಕ್ಕದಲ್ಲಿ ನಾನೇ ಮಲಗಿದ್ದೆ.

ಆದರೂ ಕೆಲವು ಸಂಗತಿಗಳು ಒಳಗೇ ಕೊರೆಯುತ್ತಿವೆ. ಪತ್ರೊಡೆಯನ್ನೋ ಕಳಲೆಯ ಪಲ್ಯವನ್ನೋ ಡಬ್ಬಿಯಲ್ಲಿ ಹಾಕಿ ಕೊಟ್ಟರೆ, ಅದೇ ಸಂಜೆ ಡಬ್ಬಿ ಫಳಫಳ ತೊಳೆದು ಖಾಲಿಯಾಗಿ ವಾಪಸು ಬರುತ್ತದೆ, ಒಳಗೆ ‘ಥ್ಯಾಂಕ್ಸ್’ ಎಂಬ ಚೀಟಿಯೊಂದಿಗೆ. ಅದನ್ನು ನೋಡಿದಾಗಲೆಲ್ಲ ಬಾಕಿ ಚುಕ್ತಾ ಮಾಡಿದರೇನೋ ಎನಿಸುತ್ತದೆ. ದೊಡ್ಡ ಸಂಗತಿ ಇನ್ನೊಂದಿದೆ. ಎರಡು ವರ್ಷಗಳ ಹಿಂದೆ ನನ್ನ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದಾಗ 40,000 ರೂಪಾಯಿ ತುರ್ತಾಗಿ ಬೇಕಾಯಿತು. ಟ್ರಸ್ಟನ್ನಲ್ಲ, ಅವರನ್ನು ಕೇಳಿದೆ. ಅಕ್ಕನನ್ನು ಕೇಳುವಂತೆ, ಅಡುಗೆಮನೆಯಲ್ಲಿ, ಬೇರೆ ಯಾರೂ ಇಲ್ಲದಾಗ. ಅವರು ‘ಕಮಿಟಿಯನ್ನು ಕೇಳಬೇಕು’ ಎಂದರು. ಎಂಟು ದಿನಗಳ ಬಳಿಕ, ನೌಕರರಿಗೆ ಸಾಲ ಕೊಡಲು ಅವಕಾಶವಿಲ್ಲವೆಂದು ಟ್ರಸ್ಟಿನ ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷಿನಲ್ಲಿ ಟೈಪಾದ ಪತ್ರ ಬಂತು. ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ಫೀಸು ಕಟ್ಟಿದೆ, ಈಗ ತೀರಿಸಿಯೂ ಆಯಿತು. ಆ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಾರನೆಯ ದಿನ ಎಂದಿನಂತೆ ಇಬ್ಬರೂ ಒಟ್ಟಿಗೆ ಚಹಾ ಕುಡಿದೆವು.

ಈಗ ಪತಿಯವರಿಗೆ ವಯಸ್ಸಾಯಿತೆಂದು ಇಬ್ಬರೂ ಶಾಶ್ವತವಾಗಿ ಊರಿಗೆ ಹೊರಟಿದ್ದಾರೆ. ಬೀಳ್ಕೊಡುಗೆಯ ದಿನ ನಾನು ‘ಕೆಲಸದವರ ಪರವಾಗಿ ಅಲ್ಲ, ಗೆಳತಿಯಾಗಿ’ ಮಾತನಾಡಬೇಕು ಎಂಬುದು ಅವರ ಆಸೆ. ಆ ಮಾತನ್ನು ನಾನು ಸುಳ್ಳಾಡದೆ ಹೇಳಬಲ್ಲೆನೇ ಎಂಬುದೇ ನನ್ನ ಪ್ರಶ್ನೆ. ಇಂಥ ಕಡೆ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಉತ್ತರಿಸಿ.


ಉತ್ತರ: ಸಾಗರದ ಕಡೆಯ ನರ್ಸ್

ಅಕ್ಕಾ, ನಾನು ನಿಮ್ಮ ಗೆಳತಿಯ ಜಾಗದಲ್ಲಿ ಇದ್ದವಳು, ಆದ್ದರಿಂದ ಉತ್ತರಿಸುವ ಹಕ್ಕು ಸ್ವಲ್ಪ ಇದೆ ಎಂದುಕೊಂಡಿದ್ದೇನೆ. ಸಾಗರ ತಾಲ್ಲೂಕಿನಿಂದ ಹೊರಟು, ಒಂದು ಕ್ರೈಸ್ತ ಸೇವಾಸಂಸ್ಥೆಯ ಮೂಲಕ, ತಾಂಜಾನಿಯಾ ದೇಶದ ಮಧ್ಯಭಾಗದ ಒಂದು ಮಕ್ಕಳ ಮನೆಯಲ್ಲಿ ಆರು ವರ್ಷ ನರ್ಸ್ ಆಗಿದ್ದೆ. ಮಿಷನರಿ ಎಂದರೆ ಬಿಳಿಯರೇ ಎಂದು ನಾವು ಇಲ್ಲಿ ಕುಳಿತು ಭಾವಿಸುತ್ತೇವೆ. ಅಲ್ಲಿ ನಾನೇ ಹೊರಗಿನವಳು, ‘ಮ್ಹಿಂದಿ’, ಅಂದರೆ ಇಂಡಿಯಾದವಳು. ಜೀಪಿನ ಬೀಗದ ಕೈ ನನ್ನ ಬಳಿ ಇರುತ್ತಿತ್ತು. ಜ್ವರ ಹೆಚ್ಚಾದರೆ ನನ್ನನ್ನು ದೊಡ್ಡ ಊರಿನ ಆಸ್ಪತ್ರೆಗೆ ಸಾಗಿಸುವ ಏರ್ಪಾಡಿತ್ತು, ಬೀರುವಿನಲ್ಲಿ ಪಾಸ್‌ಪೋರ್ಟ್ ಇತ್ತು. ಅಡುಗೆಯ ಹೆಂಗಸಿಗೆ ಇವು ಯಾವುವೂ ಇರಲಿಲ್ಲ, ಮತ್ತು ಅದನ್ನು ನಾನು ಮರೆತರೂ ಅವರು ಮರೆಯುತ್ತಿರಲಿಲ್ಲ.

ಅಲ್ಲಿ ಹಿರಿಯರನ್ನು ಕಂಡರೆ ಕಿರಿಯರು ‘ಶಿಕಮೋ’ ಎನ್ನಬೇಕು, ಹಿರಿಯರು ‘ಮರಹಬಾ’ ಎಂದು ಒಪ್ಪಿಸಿಕೊಳ್ಳಬೇಕು. ನಮ್ಮಲ್ಲಿ ಕಾಲು ಮುಟ್ಟುವುದಕ್ಕೆ ಸಮನಾದ ಮಾತು ಅದು. ನನಗೆ ಅದು ಗೊತ್ತಿರಲಿಲ್ಲ. ನನ್ನ ತಾಯಿಯ ವಯಸ್ಸಿನ ಆ ಅಡುಗೆಯಾಕೆಗೂ, ಗೇಟಿನ ಹುಡುಗನಿಗೂ ಒಂದೇ ಧಾಟಿಯಲ್ಲಿ ‘ಹಬಾರಿ’ ಎನ್ನುತ್ತಾ ಎಂಟು ತಿಂಗಳು ಓಡಾಡಿದೆ. ಯಾರೂ ತಿದ್ದಲಿಲ್ಲ. ಕೊನೆಗೆ ಬಟ್ಟೆ ಒಗೆಯುವಾಕೆ, ನನ್ನ ಮೇಲೆ ಬೇರೆ ಯಾವುದೋ ಸಿಟ್ಟಿನಲ್ಲಿದ್ದಾಗ, ‘ನಿನಗೆ ದೊಡ್ಡವರು ಚಿಕ್ಕವರು ತಿಳಿಯುವುದಿಲ್ಲ’ ಎಂದು ಮುಖಕ್ಕೆ ಹೇಳಿದಳು. ನಾಚಿಕೆಯಿಂದ ಎರಡು ದಿನ ಊಟ ಸೇರಲಿಲ್ಲ. ಆದರೆ ಅಕ್ಕಾ, ಆ ಎಂಟು ತಿಂಗಳು ಅವರೆಲ್ಲ ನನ್ನೊಂದಿಗೆ ಬಹಳ ಚೆನ್ನಾಗಿದ್ದರು. ಚೆನ್ನಾಗಿದ್ದದ್ದೇ ದೂರವಿಟ್ಟದ್ದರ ಗುರುತು ಎಂದು ನನಗೆ ಅಂದು ತಿಳಿಯಿತು.

ಅವರಲ್ಲಿ ಸ್ವಾಹಿಲಿ ಗಾದೆಯೊಂದಿದೆ: ಎರಡು ದಿನ ಅತಿಥಿ, ಮೂರನೆಯ ದಿನ ಕೈಗೆ ಗುದ್ದಲಿ ಕೊಡು. ನನ್ನ ಕೈಗೆ ಗುದ್ದಲಿ ಬರಲು ಒಂದೂವರೆ ವರ್ಷ ಹಿಡಿಯಿತು. ಮಳೆ ಬಿದ್ದ ಡಿಸೆಂಬರಿನ ಒಂದು ಶನಿವಾರ ಅಡುಗೆಯಾಕೆ ನನ್ನನ್ನು ತನ್ನ ಸ್ವಂತ ಹೊಲಕ್ಕೆ ಕರೆದೊಯ್ದು ಜೋಳ ಊರಲು ಹಚ್ಚಿದರು. ಅಡಿಕೆ ತೋಟದ ಮಣ್ಣಿನಲ್ಲಿ ಬೆಳೆದವಳು, ಇದೇನು ಮಹಾ ಎಂದುಕೊಂಡು ಹಾರೆ ಗುದ್ದಲಿ ಹಿಡಿದಷ್ಟೇ ಸಲೀಸಾಗಿ ಅವರ ಜೆಂಬೆಯನ್ನು ಎತ್ತಿದೆ. ಅದರ ಕಾವು ಗಿಡ್ಡ, ಅಲಗು ಅಗಲ; ಹತ್ತು ಗುಳಿ ತೋಡುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಅವರ ಮಕ್ಕಳು, ಸೊಸೆ, ಪಕ್ಕದ ಹೊಲದವರು ಎಲ್ಲರೂ ಸೇರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಕ್ಕಳ ಮನೆಯ ಒಳಗೆ ಯಾರೂ ನನ್ನನ್ನು ನೋಡಿ ಹಾಗೆ ನಕ್ಕಿರಲಿಲ್ಲ.

ದುಡ್ಡಿನ ಮಾತಿಗೆ ಬರುತ್ತೇನೆ. ಅಲ್ಲಿ ಮದುವೆಗೆ ಮೊದಲು ‘ಮ್ಚಾಂಗೊ’ ಎಂದು ವಂತಿಗೆ ಕೇಳುವ ಕಾರ್ಡು ಹಂಚುತ್ತಾರೆ. ಮೊದಲ ಕಾರ್ಡು ಬಂದಾಗ, ನನ್ನನ್ನು ಹಣದ ಚೀಲವೆಂದು ತಿಳಿದಿದ್ದಾರೆ ಎಂದು ನನಗೂ ಕೋಪ ಬಂದಿತ್ತು. ಆಮೇಲೆ ನೋಡಿದರೆ ಗೇಟಿನ ಹುಡುಗನಿಗೂ ಕಾರ್ಡು ಹೋಗಿತ್ತು. ಕಾರ್ಡು ಹೋಗದೆ ಇದ್ದದ್ದು ನಮ್ಮ ನಿರ್ದೇಶಕರಿಗೆ ಮಾತ್ರ. ನೀವು ಗೆಳತಿಯನ್ನು ಹಣ ಕೇಳಿದ್ದು ಒಂದು ರೀತಿಯಲ್ಲಿ ಕಾರ್ಡು ಕೊಟ್ಟ ಹಾಗೆ. ಅವರಿಗೆ ಅದನ್ನು ಓದಲು ಬರಲಿಲ್ಲ. ಅವರ ತಪ್ಪನ್ನು ನಾನು ಮುಚ್ಚುವುದಿಲ್ಲ, ಇಂಗ್ಲಿಷ್ ಪತ್ರ ಬಹಳ ತಪ್ಪು. ಆದರೆ ಒಂಬತ್ತು ವರ್ಷಗಳಲ್ಲಿ ನೀವು ಅವರಿಗೆ ಒಮ್ಮೆಯಾದರೂ, ಡಬ್ಬಿಯನ್ನು ಖಾಲಿ ಕೊಡಬಾರದು, ಏನಿಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂದು ಹೇಳಿದ್ದೀರಾ? ಹೇಳಿರಲಾರಿರಿ ಎಂದು ನನ್ನ ಊಹೆ.


ಉತ್ತರ: ಲೆಕ್ಕ ಬರೆಯುವವನು

ಸೋದರಿಯವರೇ, ನಾನು ವಿದೇಶಿ ದೇಣಿಗೆ ಪಡೆಯುವ ಎರಡು ಮೂರು ಸಂಸ್ಥೆಗಳ ಲೆಕ್ಕ ಬರೆದು ನಿವೃತ್ತನಾದವನು. ಭಾವನೆಗಳ ವಿಷಯ ನನಗೆ ಅಷ್ಟು ತಿಳಿಯುವುದಿಲ್ಲ, ಆ ಪತ್ರ ಏಕೆ ಬಂತೆಂಬುದು ತಿಳಿಯುತ್ತದೆ.

ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010ರದು, ಅದಕ್ಕೆ 2020ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ಅಂದಿನಿಂದ ಹೊರದೇಶದ ಹಣವೆಲ್ಲ ಮೊದಲು ದೆಹಲಿಯಲ್ಲಿರುವ ಸ್ಟೇಟ್ ಬ್ಯಾಂಕಿನ ನಿಗದಿತ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚಕ್ಕೆ ಮೊದಲು ಶೇ. 50ರವರೆಗೆ ಅವಕಾಶವಿತ್ತು, ಈಗ ಶೇ. 20 ಮಾತ್ರ. ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕಾಗಿ ಪ್ರತಿ ರೂಪಾಯಿಯೂ ಯಾವ ಉದ್ದೇಶಕ್ಕೆ ಬಂತೋ ಅದೇ ಉದ್ದೇಶಕ್ಕೆ ಹೋಗಿದೆ ಎಂದು ತೋರಿಸಬೇಕು. ಹೆಣ್ಣುಮಕ್ಕಳ ಪಾಲನೆಗೆಂದು ಬಂದ ಹಣದಲ್ಲಿ ನೌಕರರೊಬ್ಬರ ಮಗಳ ಫೀಸಿಗೆ 40,000 ಸಾಲ ಹೋದರೆ, ಲೆಕ್ಕಪರಿಶೋಧಕರು ಅದನ್ನು ಕೆಂಪು ಶಾಯಿಯಲ್ಲಿ ಗುರುತಿಸದೆ ಬಿಡುವುದಿಲ್ಲ. ನಾನಾಗಿದ್ದರೂ ಅದೇ ಪತ್ರ ಟೈಪು ಮಾಡಿಸುತ್ತಿದ್ದೆ.

‘ಅವರ ಕೈಯಿಂದ ಕೊಡಬಹುದಿತ್ತಲ್ಲ’ ಎನ್ನುತ್ತೀರಿ. ಇಂಥ ದಂಪತಿಗಳಲ್ಲಿ ಅನೇಕರಿಗೆ ಸಂಬಳವೆಂಬುದು ಇರುವುದಿಲ್ಲ. ತವರಿನ ಸಭೆಗಳವರು ತಿಂಗಳಿಗಿಷ್ಟು ಎಂದು ಸೇರಿಸಿ ಕಳಿಸಿದ್ದರಲ್ಲಿ ಬದುಕುತ್ತಾರೆ, ಅದಕ್ಕೂ ಅವರು ಅಲ್ಲಿ ಲೆಕ್ಕ ಒಪ್ಪಿಸುತ್ತಾರೆ. ಒಬ್ಬರಿಗೆ ಕೊಟ್ಟರೆ ಉಳಿದ ಎಂಟು ಮಂದಿಗೆ ಏನು ಹೇಳುವುದು ಎಂಬ ಭಯವೂ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಹಣದ ವಿಷಯದಲ್ಲಿ ಸ್ನೇಹವನ್ನು ತೂಗಬಾರದು.

ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ. ಭವಿಷ್ಯನಿಧಿ ಕಡ್ಡಾಯವಾಗುವುದು 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ, ನಿಮ್ಮದು ಒಂಬತ್ತೇ ಮಂದಿ. ಹೀಗಾಗಿ ನಿಮ್ಮ 11 ವರ್ಷದ ದುಡಿಮೆಗೆ ಸಾಕ್ಷಿಯಾಗಿ ಇರುವುದು ಸಂಬಳದ ಪುಸ್ತಕ ಮಾತ್ರ ಇದ್ದೀತು. ಅವರು ಹೊರಡುವ ಮೊದಲೇ ಟ್ರಸ್ಟಿನಿಂದ ಸೇವಾ ಪ್ರಮಾಣಪತ್ರ ಬರೆಸಿಕೊಳ್ಳಿ. ಸಹಿ ಮಾಡುವವರು ಬದಲಾದ ಮೇಲೆ ಹಳೆಯದನ್ನು ಯಾರೂ ಹುಡುಕಿ ಕೊಡುವುದಿಲ್ಲ.


ಪ್ರತಿಕ್ರಿಯೆ: ತುಂಗಾತೀರದ ಗೃಹಮಾತೆ

ಲೆಕ್ಕದ ಅಣ್ಣನವರಿಗೆ ವಂದನೆಗಳು. ಈ ನಿಯಮಗಳಲ್ಲಿ ಒಂದೂ ನನಗೆ ತಿಳಿದಿರಲಿಲ್ಲ. ಪ್ರಮಾಣಪತ್ರಕ್ಕೆ ಇವತ್ತೇ ಅರ್ಜಿ ಬರೆದುಕೊಟ್ಟಿದ್ದೇನೆ. ಆದರೆ ನೀವು ಇಷ್ಟು ಸರಳವಾಗಿ ಹೇಳಿದ್ದನ್ನು ಅವರು ಅಡುಗೆಮನೆಯಲ್ಲಿ ಕುಳಿತು ಹೇಳಬಹುದಿತ್ತು. ಹಣ ಸಿಗದಿದ್ದದ್ದಕ್ಕೆ ನನಗೆ ಬೇಸರವಿಲ್ಲ, ಅಡುಗೆಮನೆಯಲ್ಲಿ ಕೇಳಿದ ಮಾತಿಗೆ ಆಫೀಸಿನಿಂದ ಉತ್ತರ ಬಂತಲ್ಲ, ಅದಕ್ಕೆ ಬೇಸರ.

ಸಾಗರದ ತಂಗೀ, ನಿಮ್ಮ ಊಹೆ ಸರಿ. ಡಬ್ಬಿಯ ವಿಷಯ ನಾನು ಹೇಳಿಲ್ಲ. ಹೇಳಿದರೆ ಬೇಡಿದ ಹಾಗಾಗುತ್ತದೆ ಎಂದು ಸುಮ್ಮನಿದ್ದೆ.


ಉತ್ತರ: ಚರಿತ್ರೆಯ ಮೇಷ್ಟ್ರು

ಈ ಪ್ರಶ್ನೆ ನಮ್ಮ ನಾಡಿನಲ್ಲಿ ಹೊಸದಲ್ಲ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದವರು ಅವರೇ ಎಂಬುದು ಎಲ್ಲರಿಗೂ ಗೊತ್ತು. ಅವರ ಪ್ರಭಾವದಿಂದ 1844ರಲ್ಲಿ ಕ್ರೈಸ್ತರಾದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ಗುರುವಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. 1846ರಲ್ಲಿ ಮೋಗ್ಲಿಂಗರ ಜೊತೆ ಯೂರೋಪಿಗೆ ಹೋಗಿ, ಬಾಸೆಲಿನಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದು, ಸಹಾಯಕರಾಗಿ ಅಲ್ಲ, ಮಿಷನರಿಯಾಗಿಯೇ ಮರಳಿದರು. ಕೊಡಗಿನ ಆನಂದಪುರದ ನೆಲೆಯಲ್ಲಿ ಇಬ್ಬರ ಕೈಯೂ ಇತ್ತು. 1860ರಲ್ಲಿ ಮೋಗ್ಲಿಂಗ್ ಜರ್ಮನಿಗೆ ಹೋದರು, ಕೌಂಡಿನ್ಯರು ಇಲ್ಲಿ ಉಳಿದರು. ಹೊರಡುವ ಟಿಕೆಟು ಯಾರ ಕೈಯಲ್ಲಿ ಇರುತ್ತದೆ ಎಂದು ಸಾಗರದ ಸೋದರಿ ಹೇಳಿದ ಮಾತು ನೋಡಿ, ಅಷ್ಟು ಹಳೆಯದು.

ಸಂಬಳವೇ ಅಡ್ಡಿಯೆಂದು ಭಾವಿಸಿ ಅದನ್ನೇ ತೆಗೆದುಹಾಕಿ ನೋಡಿದವರೂ ಇದ್ದಾರೆ. ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ಡೋನಾವೂರಿನಲ್ಲಿ ಮಕ್ಕಳ ಧಾಮ ಕಟ್ಟಿದ ಐರ್ಲೆಂಡಿನ ಏಮಿ ಕಾರ್ಮೈಕಲ್ 1895ರಲ್ಲಿ ಭಾರತಕ್ಕೆ ಬಂದವರು ಮತ್ತೆ ತವರಿಗೆ ಹೋಗಲೇ ಇಲ್ಲ, 1951ರಲ್ಲಿ ಅಲ್ಲೇ ತೀರಿಕೊಂಡರು. ಅಲ್ಲಿ ಹೊರಗಿನವರಿಗೂ ಇಲ್ಲಿನವರಿಗೂ ಸಂಬಳವಿರಲಿಲ್ಲ. ಮಕ್ಕಳನ್ನು ಸಾಕುವ ಹೆಂಗಸರಿಗೆ ‘ಅಕ್ಕಾಳ್’ ಎಂದೇ ಹೆಸರು, ನಿಮ್ಮಲ್ಲಿಯ ಹಾಗೆ. ಆದರೂ ‘ಅಮ್ಮ’ ಎನಿಸಿಕೊಂಡವರು ಏಮಿಯೊಬ್ಬರೇ. ಸಂಬಳ ತೆಗೆದುಹಾಕಿದ ಮಾತ್ರಕ್ಕೆ ಮೇಲು ಕೆಳಗು ಹೋಗಿಬಿಡುವುದಿಲ್ಲ ಎಂದು ಇದರಿಂದ ನಾನು ತಿಳಿಯುತ್ತೇನೆ.

ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ. ಈ ಸ್ನೇಹಗಳ ಬಗ್ಗೆ ನಮಗೆ ಸಿಗುವ ಬರಹದಲ್ಲಿ ಬಹುಪಾಲು ಬಂದವರು ಊರಿಗೆ ಬರೆದ ಪತ್ರ ಮತ್ತು ವರದಿ. ಅಡುಗೆಯವರು, ಆಯಾಗಳು, ಗಾಡಿಯವರು ಏನೆಂದುಕೊಂಡರೆಂದು ಬರೆದಿಟ್ಟವರು ತೀರಾ ಕಡಿಮೆ. ಆದ್ದರಿಂದ ಮೇಡಂ ಅವರೇ, ಬೀಳ್ಕೊಡುಗೆಯಲ್ಲಿ ನೀವು ಮಾತನಾಡಿ, ಮತ್ತು ಮಾತನಾಡುವುದನ್ನು ಮೊದಲು ಬರೆದಿಟ್ಟುಕೊಳ್ಳಿ. ಹೊಗಳುವುದೇ ಆಗಬೇಕೆಂದು ಯಾರೂ ನಿಯಮ ಮಾಡಿಲ್ಲ.


ಉತ್ತರ: ಗ್ಯಾರೇಜಿನ ಹುಡುಗ

ನಾನು ಬೇರೆ ಊರಿನ, ಬೇರೆ ಮಕ್ಕಳ ಮನೆಯಲ್ಲಿ ಬೆಳೆದವನು. ಈಗ ಶಿವಮೊಗ್ಗದಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತೇನೆ. ದೊಡ್ಡವರ ಸ್ನೇಹ ಎಂಥದ್ದೆಂದು ಮಕ್ಕಳಿಗೆ ತಿಳಿಯುವುದಿಲ್ಲ ಎಂದುಕೊಳ್ಳಬೇಡಿ, ನಮಗೆ ಎಲ್ಲವೂ ಕಾಣುತ್ತಿತ್ತು. ಹೊರದೇಶದ ಅಂಕಲ್ ಎದುರಿಗಿದ್ದಾಗ ನಮ್ಮ ವಾರ್ಡನ್ ಅವರ ಸ್ವರ ಒಂದು ಬಗೆ, ಅವರು ಆ ಕಡೆ ತಿರುಗಿದ ಕೂಡಲೇ ಇನ್ನೊಂದು ಬಗೆ. ನಾವು ಆ ಎರಡನೆಯ ಸ್ವರವನ್ನು ನಂಬುತ್ತಿದ್ದೆವು.

ಪ್ರತಿ ವರ್ಷ ಚಳಿಗಾಲದಲ್ಲಿ ಎರಡು ತಿಂಗಳ ಮಟ್ಟಿಗೆ ಸ್ವಯಂಸೇವಕರು ಬರುತ್ತಿದ್ದರು. ಅವರು ಹೊರಡುವ ದಿನ ಚಿಕ್ಕವರೆಲ್ಲ ಅಳುತ್ತಿದ್ದರು. ನಾಲ್ಕನೆಯ ವರ್ಷದ ಹೊತ್ತಿಗೆ ನಾವು ಕೆಲವರು ಬಂದವರ ಹೆಸರು ಕಲಿಯುವುದನ್ನೇ ಬಿಟ್ಟೆವು. ಅವರು ಫೋಟೋ ಬಹಳ ತೆಗೆಯುತ್ತಿದ್ದರು. ನಮ್ಮ ಅಡುಗೆಯ ಅಜ್ಜಿಗೆ ಓದು ಬರಹವಿಲ್ಲ, ಕಾನೂನು ತಿಳಿಯದು. ಆದರೂ ಕ್ಯಾಮೆರಾ ಮೇಲೆದ್ದ ಕೂಡಲೇ ಹತ್ತಿರವಿದ್ದ ಹುಡುಗರ ಭುಜ ಹಿಡಿದು ‘ಬಾ, ತೆಂಗಿನಕಾಯಿ ತುರಿಯೋದಿದೆ’ ಎಂದು ಒಳಗೆ ಎಳೆದುಕೊಂಡುಬಿಡುತ್ತಿದ್ದರು. ಅಷ್ಟು ತೆಂಗಿನಕಾಯಿ ನಮ್ಮಲ್ಲಿ ಎಂದೂ ಇರಲಿಲ್ಲ. ಪಾಲನೆ ರಕ್ಷಣೆ ಬೇಕಿರುವ ಮಕ್ಕಳ ಗುರುತು ಬಯಲು ಮಾಡುವಂತಿಲ್ಲ ಎಂದು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮಿನಲ್ಲಿದೆ ಎಂದು ನಾನು ತಿಳಿದದ್ದು ದೊಡ್ಡವನಾದ ಮೇಲೆ.

ಆ ಅಂಕಲ್ ಒಳ್ಳೆಯವರೇ. ಅಜ್ಜಿಯೊಂದಿಗೆ ಅವರಿಗೆ ಬಹಳ ಸಲಿಗೆ ಇತ್ತು, ಅಜ್ಜಿಯ ಕೈಯ ಅಕ್ಕಿರೊಟ್ಟಿಗಾಗಿ ಅಡುಗೆಮನೆಯ ಹೊಸ್ತಿಲಿನ ಮೇಲೆ ಕುಳಿತುಕೊಳ್ಳುತ್ತಿದ್ದರು. ಅಜ್ಜಿ ಫೋಟೋದ ವಿಷಯವನ್ನು ಅವರಿಗೆ ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಅವರು ಕೇಳುತ್ತಿದ್ದರು ಎಂದು ಈಗ ನನಗನಿಸುತ್ತದೆ. ನಿಮ್ಮ ಧಾಮದಲ್ಲಿ ಇಂಥದ್ದು ಏನಾದರೂ ಇದ್ದರೆ ಅವರು ರೈಲು ಹತ್ತುವ ಮುಂಚೆ ಹೇಳಿ, ಅಮ್ಮ.


ಪ್ರತಿಕ್ರಿಯೆ: ತುಂಗಾತೀರದ ಗೃಹಮಾತೆ

ಉತ್ತರಿಸಿದ ಎಲ್ಲರಿಗೂ ನಡೆದದ್ದನ್ನು ತಿಳಿಸಬೇಕೆಂದು ಬರೆಯುತ್ತಿದ್ದೇನೆ.

ಮೊನ್ನೆ ಗುರುವಾರ ಕೆಸುವಿನ ಎಲೆ ಒಳ್ಳೆಯದು ಸಿಕ್ಕಿತೆಂದು ಪತ್ರೊಡೆ ಮಾಡಿ ಎಂದಿನಂತೆ ಡಬ್ಬಿಯಲ್ಲಿ ಕೊಟ್ಟೆ. ಸಂಜೆ ಡಬ್ಬಿ ವಾಪಸು ಬಂತು, ಖಾಲಿ, ಚೀಟಿ ಸಹಿತ. ಅದನ್ನು ಹಿಡಿದುಕೊಂಡು ಅವರ ಮನೆಗೆ ಹೋದೆ. ಅರ್ಧ ಸಾಮಾನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಯಾಗಿತ್ತು, ಕುಳಿತುಕೊಳ್ಳಲು ಒಂದೇ ಸ್ಟೂಲು. ನಿಂತುಕೊಂಡೇ ಹೇಳಿದೆ: ಅಕ್ಕಾ, ನಮ್ಮಲ್ಲಿ ಡಬ್ಬಿಯನ್ನು ಖಾಲಿ ಹಿಂತಿರುಗಿಸುವುದಿಲ್ಲ, ನೀವು ಒಂಬತ್ತು ವರ್ಷ ಖಾಲಿ ಹಿಂತಿರುಗಿಸಿದಿರಿ, ನನಗೆ ಪ್ರತಿ ಸಲವೂ ಬೇಸರವಾಗಿದೆ.

ಅವರು ನಗುತ್ತಾರೆ, ಅಥವಾ ಕ್ಷಮೆ ಕೇಳುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಸಿಟ್ಟು ಬಂತು. ಮುಖವೆಲ್ಲ ಕೆಂಪಾಯಿತು. ‘ಒಂಬತ್ತು ವರ್ಷ! ನಿಮಗೆಲ್ಲ ಗೊತ್ತಿತ್ತು, ಅಡುಗೆಯವರಿಗೆ ಗೊತ್ತಿತ್ತು, ಮಕ್ಕಳಿಗೂ ಗೊತ್ತಿತ್ತು, ನನ್ನನ್ನು ಹಾಗೇ ಬಿಟ್ಟಿರಾ?’ ಎಂದು ಕೇಳಿದರು. ನನಗೂ ಸಿಟ್ಟು ಏರಿತು. ಆ ಸಿಟ್ಟಿನಲ್ಲಿಯೇ ಇಂಗ್ಲಿಷ್ ಪತ್ರದ ಮಾತೂ ಹೊರಬಿತ್ತು. ಅವರ ಪತಿ ಒಳಗಿನಿಂದ ಬಂದವರು ನಮ್ಮಿಬ್ಬರ ಮುಖ ನೋಡಿ ಹಾಗೆಯೇ ಹಿಂದಕ್ಕೆ ಹೋದರು. ಪತ್ರವನ್ನು ತಾವು ಬರೆಯಲಿಲ್ಲ, ನನ್ನ ಎದುರಿಗೆ ‘ಇಲ್ಲ’ ಎನ್ನಲು ಧೈರ್ಯ ಸಾಲದೆ ಕಮಿಟಿಯ ಹಿಂದೆ ಅಡಗಿಕೊಂಡೆ ಎಂದು ಅವರು ಹೇಳಿದರು. ‘ಅಡಗಿಕೊಂಡೆ’ ಎಂಬ ಪದ ಅವರಿಗೆ ಮಕ್ಕಳ ಕಣ್ಣಾಮುಚ್ಚಾಲೆಯಿಂದ ಗೊತ್ತು.

ಶುಕ್ರವಾರ ಇಡೀ ದಿನ ಮಾತಿರಲಿಲ್ಲ. ಅವರು ಇಲ್ಲಿಗೆ ಬಂದಾಗಿನಿಂದ ಇಂಥ ದಿನ ಇದೇ ಮೊದಲು. ಶನಿವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಅವರು ಒಂದು ನೋಟ್‌ಬುಕ್ಕು ಹಿಡಿದುಕೊಂಡು ಅಡುಗೆಮನೆಗೆ ಬಂದು, ನೆಲದ ಮೇಲೆ ಕಾಲು ಚಾಚಿ ಕುಳಿತು, ಹೇಳದೆ ಬಿಟ್ಟದ್ದು ಇನ್ನೂ ಏನೇನಿದೆ, ಎಲ್ಲ ಹೇಳು ಎಂದರು. ಅಡುಗೆಯವರೂ ಜೊತೆಗೆ ಕುಳಿತರು. ನಾವು ‘ನೋಡೋಣ’ ಎಂದರೆ ‘ಇಲ್ಲ’ ಎಂದು ಅರ್ಥ. ‘ಹೂಂ’ ಎಂದರೆ ಕೇಳಿಸಿತು ಎಂದಷ್ಟೇ, ಒಪ್ಪಿದೆವು ಎಂದಲ್ಲ. ಅತಿಥಿಗಳು ಬಂದಾಗಲೆಲ್ಲ ಮಕ್ಕಳಿಂದ ಹಾಡಿಸುವುದು ಮಕ್ಕಳಿಗೆ ಇಷ್ಟವಿಲ್ಲ. ಗ್ಯಾರೇಜಿನ ತಮ್ಮ ಬರೆದ ಫೋಟೋ ವಿಷಯವನ್ನೂ ಹೇಳಿದೆ, ಏಕೆಂದರೆ ನಮ್ಮಲ್ಲಿಯೂ ಕ್ರಿಸ್‌ಮಸ್ ಕಾಲಕ್ಕೆ ಬರುವವರು ತೆಗೆದುಕೊಂಡು ಹೋಗುತ್ತಾರೆ, ನಮ್ಮಲ್ಲಿಯೂ ನಾವು ನೆಪ ಹೇಳಿ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತೇವೆ. ಅವರು ಅದನ್ನು ಬರೆದು, ಕೆಳಗೆ ಎರಡು ಗೆರೆ ಎಳೆದು, ಮುಂದೆ ಬರುವವರಿಗೆಂದು ಆಫೀಸಿನ ಗೋಡೆಗೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಹಾಕಿಸುತ್ತೇನೆ ಎಂದರು. ಆಮೇಲೆ ತಮ್ಮ ಕಡೆಯಿಂದಲೂ ಹೇಳತೊಡಗಿದರು: ಬಾಗಿಲು ತಟ್ಟದೆ ಒಳಗೆ ಬರುವುದು, ‘ಏಕೆ ಮಕ್ಕಳಾಗಲಿಲ್ಲ’ ಎಂದು ಬಂದ ಮೊದಲ ತಿಂಗಳೇ ನಾನು ಕೇಳಿದ್ದು. ಆ ಪ್ರಶ್ನೆ ಕೇಳಿದ್ದು ನನಗೆ ನೆನಪೇ ಇರಲಿಲ್ಲ. ಅವರಿಗೆ ಆ ದಿನ ಯಾವ ವಾರವೆಂಬುದು ಕೂಡ ನೆನಪಿದೆ.

ನೋಟ್‌ಬುಕ್ಕಿನಲ್ಲಿ 17 ವಿಷಯಗಳಾದಾಗ ಹನ್ನೊಂದು ಗಂಟೆ ಹೊಡೆಯಿತು, ಉಳಿದದ್ದು ನಾಳೆ ಎಂದು ಎದ್ದೆವು. ಬೀಳ್ಕೊಡುಗೆಯ ಮಾತನ್ನು ನಾನು ಇನ್ನೂ ಬರೆದಿಲ್ಲ. ಅವರು ಹೊರಡುವುದು ಬುಧವಾರ ರಾತ್ರಿಯ ರೈಲಿಗೆ. ಡಬ್ಬಿ ಈಗ ಅವರ ಮನೆಯಲ್ಲಿಯೇ ಇದೆ, ಇನ್ನೂ ಹಿಂದಿರುಗಿಸಿಲ್ಲ.